ಅಡಿಕೆ ಆ್ಯಪ್‌ಗೆ ಕ್ಲೌಡ್ ಟೆಸ್ಟಿಂಗ್: ಡ್ರಾಯರ್‌ನಲ್ಲಿರುವ ಫೋನ್‌ಗಳನ್ನು ಮಾರಿಬಿಡಬಹುದಾ?

ಮಲೆನಾಡ್ ಟೆಸ್ಟರ್

ನಮಸ್ಕಾರ ಎಲ್ಲರಿಗೂ. ಶಿವಮೊಗ್ಗದ ಒಂದು ಸಣ್ಣ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ ನನ್ನದು. ಟೆಸ್ಟಿಂಗ್ ಟೀಮ್ ಅಂದರೆ ನಾನೊಬ್ಬಳೇ. ಅಡಿಕೆ ಬೆಳೆಗಾರರ ಸೊಸೈಟಿಯೊಂದಕ್ಕೆ ಆ್ಯಪ್ ಮಾಡಿಕೊಟ್ಟಿದ್ದೇವೆ, ಅದರದ್ದೇ ವೆಬ್‌ಸೈಟೂ ಇದೆ. ಸದಸ್ಯರು ಸುಮಾರು 12,000. ಮಂಡಿಗೆ ಅಡಿಕೆ ಕಳಿಸುವ ಮೊದಲು ಆ್ಯಪ್‌ನಲ್ಲಿ ಲಾಟ್ ನೋಂದಾಯಿಸಬೇಕು. ಸಂಜೆ ವ್ಯಾಪಾರ ಮುಗಿದ ಮೇಲೆ ರಾಶಿ, ಬೆಟ್ಟೆ, ಸರಕು, ಗೊರಬಲು ಎಲ್ಲದರ ಧಾರಣೆ ಅದರಲ್ಲೇ ಬರುತ್ತದೆ. ಧಾರಣೆ ಹಾಕಿದ್ದೇ ತಡ, ಎಲ್ಲರೂ ಒಟ್ಟಿಗೆ ಆ್ಯಪ್ ತೆಗೆಯುತ್ತಾರೆ. ಆಗ ಕೆಲವು ಸಲ ಗಿರಗಿರ ಸುತ್ತುತ್ತಾ ಕೂತುಬಿಡುತ್ತದೆ, ಸೊಸೈಟಿಯಿಂದ ನಮಗೆ ಫೋನ್ ಬರುತ್ತದೆ.

ಇಲ್ಲಿತನಕ ನನ್ನ ಲ್ಯಾಬ್ ಅಂದರೆ ನನ್ನ ಟೇಬಲ್ಲಿನ ಡ್ರಾಯರ್. ಅದರಲ್ಲಿ ಆರು ಹಳೇ ಆಂಡ್ರಾಯ್ಡ್ ಫೋನ್. ಒಂದರ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಕೂರುವುದಿಲ್ಲ. ಇನ್ನೊಂದು, ಚಾರ್ಜರ್ ಪಿನ್ ಸ್ವಲ್ಪ ಓರೆ ಮಾಡಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತದೆ. ಆದರೂ ನಮ್ಮ ಸದಸ್ಯರ ಕೈಯಲ್ಲಿರುವುದು ಹೆಚ್ಚುಕಮ್ಮಿ ಇಂಥವೇ ಫೋನ್.

ಮೊನ್ನೆ ಬಾಸ್ ಯಾವುದೋ ಸೆಮಿನಾರ್‌ಗೆ ಹೋಗಿ ಬಂದರು. ಬಂದವರೇ "ಇನ್ನು ಮೇಲೆ ಟೆಸ್ಟಿಂಗ್ ಎಲ್ಲ ಕ್ಲೌಡ್‌ನಲ್ಲೇ. ಆ ಫೋನ್‌ಗಳನ್ನ ಎಕ್ಸ್‌ಚೇಂಜ್‌ಗೆ ಹಾಕಮ್ಮ" ಅಂದರು. ತಿಂಗಳಿಗೆ 5,000 ರೂಪಾಯಿ ತನಕ ಖರ್ಚು ಮಾಡಬಹುದಂತೆ. ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಮಶೀನ್‌ಗಳಲ್ಲಿ, ಈಗಾಗಲೇ ಸ್ವಲ್ಪ ಕೆಲಸ ಮಾಡಿದ್ದೇನೆ, ಆದರೆ ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಒಂದು, ವೆಬ್‌ಸೈಟ್‌ನ ಆಟೊಮೇಷನ್ ಟೆಸ್ಟ್‌ಗಳು ದಿನಾ ಕ್ಲೌಡ್ ಮಶೀನ್‌ನಲ್ಲಿ ತಾವಾಗಿಯೇ ಓಡುತ್ತವೆ. "ಇವತ್ತು ನೋಂದಾಯಿಸಿದ ಲಾಟ್ ಇವತ್ತಿನ ಪಟ್ಟಿಯಲ್ಲಿ ಕಾಣಬೇಕು" ಅನ್ನೋ ಟೆಸ್ಟ್ ಬೆಳಗಿನ ಜಾವ 5ಕ್ಕೆ ಓಡಿದರೆ ಫೇಲ್, 6 ಗಂಟೆಗೆ ಓಡಿದರೆ ಪಾಸ್! ಮಧ್ಯೆ ಕೋಡ್ ಯಾರೂ ಮುಟ್ಟಿರುವುದಿಲ್ಲ. ಡೆವಲಪರ್ ಹತ್ತಿರ ಕೇಳಿದರೆ "ಕ್ಲೌಡ್ ಅಂದ್ರೆ ಹಾಗೇ, ಇನ್ನೊಂದ್ಸಲ ರನ್ ಕೊಡಿ" ಅಂತಾರೆ.

ಎರಡು, ಅದೇ ಮಶೀನ್ ತೆಗೆದ ಸ್ಕ್ರೀನ್‌ಶಾಟ್‌ಗಳಲ್ಲಿ ಕನ್ನಡ ಇರಬೇಕಾದ ಕಡೆಯೆಲ್ಲ ಖಾಲಿ ಚೌಕಗಳು. ಇಂಗ್ಲಿಷ್, ಅಂಕಿ ಎಲ್ಲ ಸರಿಯಾಗಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಅದೇ ಪೇಜ್ ಚೆನ್ನಾಗಿ ಕಾಣುತ್ತದೆ.

ಮೂರನೆಯದೇ ದೊಡ್ಡದು. "10,000 ಯೂಸರ್ ಹಾಕಿ ಲೋಡ್ ಟೆಸ್ಟ್ ಮಾಡು" ಅಂದಿದ್ದಾರೆ. ಅಂದರೆ ಅಷ್ಟು ಜನ ಒಟ್ಟಿಗೆ ಬಂದರೆ ಸರ್ವರ್ ತಡೆಯುತ್ತದಾ ಅಂತ ನೋಡಬೇಕು. ಲ್ಯಾಪ್‌ಟಾಪ್‌ನಲ್ಲಿ ಜೆಮೀಟರ್ ಅನ್ನೋ ಲೋಡ್ ಟೆಸ್ಟ್ ಸಾಫ್ಟ್‌ವೇರ್ ಹಾಕಿ ಓಡಿಸಿದೆ. 1,000 ದಾಟುವ ಮೊದಲೇ ಜೆಮೀಟರ್ ವಿಂಡೋನೇ ಬೆಳ್ಳಗಾಗಿ ನಿಂತಿತು, ಆಫೀಸಿನ ಬ್ರಾಡ್‌ಬ್ಯಾಂಡ್ ಬೇರೆ ಉಸಿರು ಕಟ್ಟಿತು. ಕ್ಲೌಡ್‌ನಲ್ಲಿ ಎಷ್ಟು ಮಶೀನ್ ಬಾಡಿಗೆಗೆ ತಗೋಬೇಕು? ಬಿಲ್ ಕೈ ಮೀರದ ಹಾಗೆ ನೋಡಿಕೊಳ್ಳೋದು ಹೇಗೆ? ತಿಳಿದವರು ದಯವಿಟ್ಟು ಹೇಳಿ.

ಹಳೇ ಜೆಮೀಟರ್

ಮೇಡಂ, ಬೇರೆ ಮಾತಿಗೆ ಮೊದಲು ಆ ಬ್ಯಾಟರಿ ಉಬ್ಬಿದ ಫೋನನ್ನು ಇವತ್ತೇ ಡ್ರಾಯರ್‌ನಿಂದ ಹೊರಗೆ ಹಾಕಿ, ಇ-ವೇಸ್ಟ್‌ನವರಿಗೆ ಕೊಡಿ. ಅದನ್ನು ಚಾರ್ಜ್‌ಗೆ ಹಾಕಲೇಬೇಡಿ. ಉಳಿದ ಐದನ್ನು ಮಾರಬೇಡಿ.

ಟೈಮ್ ಮತ್ತು ಕನ್ನಡ ಅಕ್ಷರದ ಸಮಸ್ಯೆಗೆ ಬೇರೆಯವರು ಉತ್ತರ ಕೊಡ್ತಾರೆ. ನನ್ನ ಅನ್ನ ಲೋಡ್ ಟೆಸ್ಟಿಂಗ್‌ನದ್ದು, ಅದಷ್ಟೇ ಹೇಳುತ್ತೇನೆ.

10,000 ಯೂಸರ್ ಅನ್ನೋ ಅಂಕಿಯನ್ನ ಮೊದಲು ಬದಿಗಿಡಿ. ಎಲ್ಲ ಬಾಸ್‌ಗಳೂ ಹತ್ತು ಸಾವಿರ ಅಂತಲೇ ಹೇಳುತ್ತಾರೆ, ಒಂಬತ್ತು ಸಾವಿರದ ಇನ್ನೂರು ಅಂದವರನ್ನು ನಾನು ಕಂಡಿಲ್ಲ. ನಿಮ್ಮ ಲೆಕ್ಕ ನೀವೇ ಹಾಕಿ. ಸದಸ್ಯರು 12,000. ಧಾರಣೆ ಬಿದ್ದ ಹತ್ತೇ ನಿಮಿಷದಲ್ಲಿ ಅಷ್ಟೂ ಜನ ಆ್ಯಪ್ ತೆಗೆದರು ಅಂತ ಇಟ್ಟುಕೊಳ್ಳೋಣ. ಹಾಗೆ ಆಗುವುದಿಲ್ಲ, ಆದರೂ ಇರಲಿ. ಹತ್ತು ನಿಮಿಷ ಅಂದರೆ 600 ಸೆಕೆಂಡ್. ಸೆಕೆಂಡಿಗೆ 20 ಜನ ಬಂದ ಹಾಗಾಯಿತು. ಒಬ್ಬೊಬ್ಬರು ಆ್ಯಪ್ ತೆಗೆದಾಗ ಸರ್ವರ್‌ಗೆ 5 ರಿಕ್ವೆಸ್ಟ್ ಹೋದರೆ ಸೆಕೆಂಡಿಗೆ 100 ರಿಕ್ವೆಸ್ಟ್. ಒಬ್ಬರು 40 ಸೆಕೆಂಡ್ ಒಳಗಿದ್ದು ಹೋದರೆ ಒಂದೇ ಹೊತ್ತಿಗೆ ಒಳಗಿರುವವರು 20 ಗುಣಿಸು 40, ಅಂದರೆ 800 ಜನ. ಇದು ಕ್ಯೂ ಲೆಕ್ಕದ ಹಳೇ ಸೂತ್ರ. ಲಿಟಲ್ ಅನ್ನುವವರು 1961ರಲ್ಲೇ ಸಾಧಿಸಿ ತೋರಿಸಿದ್ದು. ಹತ್ತು ಸಾವಿರ ಎಲ್ಲಿ, ಎಂಟುನೂರು ಎಲ್ಲಿ!

ಇರಲಿ, ಧೈರ್ಯಕ್ಕೆ ಅದರ ಎರಡರಷ್ಟು ಹಾಕಿ. ಸೆಕೆಂಡಿಗೆ 200 ರಿಕ್ವೆಸ್ಟ್ ಕಳಿಸಲು ಕ್ಲೌಡ್‌ನಲ್ಲಿ ನಾಲ್ಕು ಕೋರ್‌ನ ಒಂದೇ ಒಂದು ಮಶೀನ್ ಧಾರಾಳ ಸಾಕು. ಗಂಟೆಯ ಬಾಡಿಗೆ ಒಂದು ಮಸಾಲೆ ದೋಸೆಯ ದುಡ್ಡೂ ಆಗುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ನಿಂತದ್ದು ಜೆಮೀಟರ್‌ನ ವಿಂಡೋ. ಆ ವಿಂಡೋ ಇರುವುದು ಸ್ಕ್ರಿಪ್ಟ್ ಬರೆಯಲು ಮಾತ್ರ. ಲೋಡ್ ಓಡಿಸುವಾಗ ಕಮಾಂಡ್ ಲೈನ್‌ನಿಂದ ಓಡಿಸಬೇಕು. ಶುರುವಾಗುವಾಗ ಜೆಮೀಟರೇ ಇದನ್ನು ಬರೆದು ತೋರಿಸುತ್ತದೆ, ಯಾರೂ ಓದುವುದಿಲ್ಲ ಅಷ್ಟೆ.

ನನ್ನ ಹೆಸರು ಹಳೇ ಜೆಮೀಟರ್ ಆದರೂ ನಿಮಗೆ ನಾನು ಕೆ6 ಅನ್ನೋ ಇನ್ನೊಂದು ಲೋಡ್ ಟೆಸ್ಟ್ ಸಾಫ್ಟ್‌ವೇರ್ ನೋಡಿ ಅನ್ನುತ್ತೇನೆ. ಕಾರಣ ಇದೆ. ಜೆಮೀಟರ್‌ನ ಮಾಮೂಲಿ ಥ್ರೆಡ್ ಗ್ರೂಪ್‌ನಲ್ಲಿ ಒಬ್ಬ ಯೂಸರ್ ಒಂದು ರಿಕ್ವೆಸ್ಟ್ ಕಳಿಸಿ, ಉತ್ತರ ಬರುವ ತನಕ ಕಾಯುತ್ತಾನೆ. ಬಂದ ಮೇಲೆ ಮುಂದಿನದು. ಸರ್ವರ್ ಸುಸ್ತಾದರೆ ಎಲ್ಲ ಯೂಸರ್‌ಗಳೂ ಕಾಯುತ್ತಾ ಕೂರುತ್ತಾರೆ, ಹೊಸ ರಿಕ್ವೆಸ್ಟ್ ತಾನಾಗಿಯೇ ಕಮ್ಮಿ ಆಗುತ್ತದೆ. ಅಂದರೆ ಸರ್ವರ್ ಬೀಳುವ ಹೊತ್ತಿಗೆ ಸರಿಯಾಗಿ ನಿಮ್ಮ ಟೆಸ್ಟೇ ಅದಕ್ಕೆ ಉಸಿರಾಡಲು ಬಿಡುತ್ತದೆ! ನಿಜವಾದ ಸದಸ್ಯರು ಹಾಗಲ್ಲ. ಹೊಸನಗರದಲ್ಲಿ ಕೂತವರಿಗೆ ನಿಮ್ಮ ಸರ್ವರ್ ಸುಸ್ತಾಗಿರುವುದು ಹೇಗೆ ಗೊತ್ತಾಗಬೇಕು? ಅವರು ಬರುತ್ತಲೇ ಇರುತ್ತಾರೆ. ಕೆ6ನಲ್ಲಿ "ಸೆಕೆಂಡಿಗೆ ಇಷ್ಟು ಜನ ಬರಲೇಬೇಕು, ಸರ್ವರ್ ಏನಾದರೂ ಆಗಲಿ" ಅಂತ ನೇರವಾಗಿ ಹೇಳಬಹುದು. ಜೆಮೀಟರ್‌ನಲ್ಲೂ ಮಾಡಬಹುದು, ಸುತ್ತು ಜಾಸ್ತಿ. ಇನ್ನೊಂದು, ರಿಪೋರ್ಟ್‌ನಲ್ಲಿ ಸರಾಸರಿ ನೋಡಬೇಡಿ. ನೂರರಲ್ಲಿ 95 ಜನರಿಗೆ ಎಷ್ಟು ಸೆಕೆಂಡ್ ಒಳಗೆ ಬಂತು ಅನ್ನೋದನ್ನ ನೋಡಿ. ಸೊಸೈಟಿಗೆ ಫೋನ್ ಮಾಡಿ ಬೈಯುವವರು ಉಳಿದ ಐದು ಜನ.

ಈಗ ಸರ್ವರ್ ಕಡೆ ಬನ್ನಿ. ನಿಮ್ಮ ಸರ್ವರ್ ಎಡಬ್ಲ್ಯುಎಸ್‌ನ (ಅಮೆಜಾನ್‌ನವರ ಕ್ಲೌಡ್) ಟಿ ಸರಣಿಯ ಮಶೀನ್ ಇರಬಹುದು ಅಂತ ನನ್ನ ಊಹೆ. ಸಣ್ಣ ಕಂಪನಿಗಳೆಲ್ಲ ಅದನ್ನೇ ತಗೊಳ್ಳುವುದು, ಅಗ್ಗ. ಆ ಮಶೀನ್‌ಗಳು ಸಿಪಿಯು ಕ್ರೆಡಿಟ್ ಲೆಕ್ಕದಲ್ಲಿ ನಡೆಯುತ್ತವೆ. ಉದಾಹರಣೆಗೆ ಟಿ3 ಸ್ಮಾಲ್‌ನಲ್ಲಿ ಎರಡು ಕೋರ್, ಒಂದೊಂದರ ಮಾಮೂಲಿ ಹಕ್ಕು 20% ಮಾತ್ರ. ಸುಮ್ಮನಿದ್ದಾಗ ಗಂಟೆಗೆ 24 ಕ್ರೆಡಿಟ್ ಕೂಡುತ್ತದೆ, ಒಟ್ಟು 576ರ ತನಕ. ಒಂದು ಕೋರ್ ಒಂದು ನಿಮಿಷ ಪೂರ್ತಿ ದುಡಿದರೆ ಒಂದು ಕ್ರೆಡಿಟ್ ಖಾಲಿ. ಇದರಲ್ಲಿ ಟೆಸ್ಟರ್‌ಗೆ ಏನು ಕೆಲಸ ಅಂತೀರಾ? ನಿಮ್ಮ ಟೆಸ್ಟಿಂಗ್ ಸರ್ವರ್ ದಿನವಿಡೀ ಸುಮ್ಮನಿದ್ದು ಕ್ರೆಡಿಟ್ ತುಂಬಿಸಿಕೊಂಡಿರುತ್ತದೆ. ಅದರ ಮೇಲೆ ಅರ್ಧ ಗಂಟೆ ಲೋಡ್ ಹಾಕಿದರೆ ಕುದುರೆ ಹಾಗೆ ಓಡುತ್ತದೆ. ನಿಜವಾದ ಸರ್ವರ್ ಬೆಳಗಿನಿಂದ ದುಡಿದು ಸಂಜೆ ಧಾರಣೆ ಬೀಳುವ ಹೊತ್ತಿಗೆ ಕ್ರೆಡಿಟ್ ಖರ್ಚು ಮಾಡಿಕೊಂಡಿರಬಹುದು. ಎರಡೂ ಒಂದೇ ಮಾಡೆಲ್, ಫಲಿತಾಂಶ ಮಾತ್ರ ಬೇರೆ. ಟಿ3ನಲ್ಲಿ ಸಾಮಾನ್ಯವಾಗಿ ಅನ್‌ಲಿಮಿಟೆಡ್ ಮೋಡ್ ಇರುತ್ತದೆ. ಕ್ರೆಡಿಟ್ ಮುಗಿದರೂ ಅದು ನಿಧಾನ ಆಗುವುದಿಲ್ಲ, ಬಿಲ್ ಬೆಳೆಯುತ್ತದೆ. ಟಿ2 ಆದರೆ, ಅಥವಾ ಯಾರಾದರೂ ಆ ಮೋಡ್ ತೆಗೆದಿದ್ದರೆ, ಕ್ರೆಡಿಟ್ ಮುಗಿದ ಕೂಡಲೇ ಮಾಮೂಲಿ ಹಕ್ಕಿಗೆ ಇಳಿಯುತ್ತದೆ. ಸಂಜೆ ಗಿರಗಿರ ಸುತ್ತುವುದಕ್ಕೆ ಇದೂ ಒಂದು ಕಾರಣ ಇರಬಹುದು. ಎಡಬ್ಲ್ಯುಎಸ್‌ನಲ್ಲಿ ಮಶೀನ್‌ಗಳ ಮೇಲೆ ಕಣ್ಣಿಡುವ ಕ್ಲೌಡ್‌ವಾಚ್‌ನಲ್ಲಿ ಕ್ರೆಡಿಟ್ ಬ್ಯಾಲೆನ್ಸ್ ಗ್ರಾಫ್ ಇದೆ, ಸಂಜೆ ಹೊತ್ತಿನದ್ದು ತೆಗೆದು ನೋಡಿ. ಲೋಡ್ ಕಳಿಸುವ ಮಶೀನ್ ಮಾತ್ರ ಟಿ ಸರಣಿಯದ್ದು ಬೇಡವೇ ಬೇಡ. ಅದೇ ಏದುಸಿರು ಬಿಟ್ಟರೆ ಸರ್ವರ್ ನಿಧಾನವೋ ಇದು ನಿಧಾನವೋ ಗೊತ್ತಾಗಲ್ಲ.

ಬಿಲ್ ವಿಷಯ. ಮಶೀನ್ ಬಾಡಿಗೆ ನಿಮ್ಮನ್ನು ಮುಳುಗಿಸುವುದಿಲ್ಲ, ಮರೆತು ಬಿಟ್ಟದ್ದು ಮುಳುಗಿಸುತ್ತದೆ. ಮಶೀನ್ ನಿಲ್ಲಿಸಿದರೂ ಅದರ ಡಿಸ್ಕ್‌ಗೆ ದುಡ್ಡು ಹೋಗುತ್ತಲೇ ಇರುತ್ತದೆ. ಪಬ್ಲಿಕ್ ಐಪಿ ವಿಳಾಸಕ್ಕೆ 2024ರ ಫೆಬ್ರವರಿಯಿಂದ ಗಂಟೆಗೆ 0.005 ಡಾಲರ್. ಎಡಬ್ಲ್ಯುಎಸ್‌ನವರೇ ನಡೆಸಿಕೊಡುವ ಆರ್‌ಡಿಎಸ್ ಡೇಟಾಬೇಸ್ ನಿಲ್ಲಿಸಿ ಮನೆಗೆ ಹೋದರೆ ಏಳು ದಿನ ಆದ ಮೇಲೆ ಅದು ತಾನಾಗಿಯೇ ಎದ್ದು ಕೂರುತ್ತದೆ. ಅದರ ನಿಯಮವೇ ಹಾಗೆ, ಹೆಲ್ಪ್ ಪೇಜ್‌ನಲ್ಲಿ ಬರೆದಿದೆ. ಅದಕ್ಕೇ ನಾನು ಟೆಸ್ಟ್ ಮುಗಿದ ಮೇಲೆ ನಿಲ್ಲಿಸುವುದಿಲ್ಲ, ಅಳಿಸಿಯೇ ಬಿಡುತ್ತೇನೆ. ಮತ್ತೆ ಬೇಕಾದಾಗ ಸ್ಕ್ರಿಪ್ಟ್‌ನಿಂದ ಹೊಸದಾಗಿ ಕಟ್ಟುತ್ತೇನೆ. ಬಜೆಟ್ ಅಲರ್ಟ್ 1,000 ರೂಪಾಯಿಗೆ ಒಂದು, 3,000ಕ್ಕೆ ಒಂದು ಹಾಕಿ, ಬಾಸ್‌ಗೂ ಮೇಲ್ ಹೋಗಲಿ.

ಕೊನೆಗೆ, ಲೋಡ್ ಹಾಕುವ ಮೊದಲು ಎಸ್ಸೆಮ್ಮೆಸ್ ಕಳಿಸುವ ಭಾಗವನ್ನು ಬಂದ್ ಮಾಡಿಸಿ, ಬದಲಿಗೆ ಕಳಿಸಿದಂತೆ ನಟಿಸುವ ಒಂದು ನಕಲಿ ಗೇಟ್‌ವೇ ಕೂರಿಸಿ. ಒಂದೊಂದು ಒಟಿಪಿಗೂ ಪೈಸೆ ಲೆಕ್ಕ. ಅದಕ್ಕಿಂತ ಮುಖ್ಯ, ಬೇರೆಯವರ ಗೇಟ್‌ವೇ ಮೇಲೆ ಕೇಳದೆ ಲೋಡ್ ಹಾಕುವುದು ಮರ್ಯಾದೆಯೂ ಅಲ್ಲ.

ಗುಬ್ಬಚ್ಚಿ

ಮೊದಲ ಎರಡು ನನಗಿರಲಿ.

ಚೌಕಗಳ ಕಾರಣ ಸುಲಭ. ಕ್ಲೌಡ್‌ನಲ್ಲಿ ಟೆಸ್ಟ್ ಓಡುವ ಲಿನಕ್ಸ್ ಇಮೇಜ್ (ಮಶೀನ್‌ನ ಸಿದ್ಧ ಅಚ್ಚು) ಅನ್ನು ಆದಷ್ಟು ಸಣ್ಣದಾಗಿ ಕಟ್ಟಿರುತ್ತಾರೆ. ಅದರಲ್ಲಿ ಕನ್ನಡದ ಫಾಂಟೇ ಇರುವುದಿಲ್ಲ. ಬ್ರೌಸರ್ ಏನು ತಾನೇ ಮಾಡುತ್ತೆ, ಚೌಕ ಬಿಡಿಸುತ್ತದೆ. ಡೆಬಿಯನ್ ಅಥವಾ ಉಬುಂಟು ಇಮೇಜ್ ಆದರೆ ನೋಟೊ ಫಾಂಟ್‌ಗಳ ಪ್ಯಾಕೇಜ್ ಹಾಕಿ. ಕನ್ನಡ ಮಾತ್ರ ಸಾಕು ಅಂದರೆ ಲೋಹಿತ್‌ನ ಕನ್ನಡ ಪ್ಯಾಕೇಜ್ ಇದೆ, ಗುಬ್ಬಿ ಅಂತಲೇ ಇನ್ನೊಂದಿದೆ. ನನ್ನ ಹೆಸರು ಅಲ್ಲಿಂದಲೇ ಬಂದದ್ದು. ಇಮೇಜ್ ಕಟ್ಟುವ ಸೂಚನೆಗಳಿರುವ ಡಾಕರ್‌ಫೈಲ್‌ನಲ್ಲಿ ಒಂದು ಸಾಲು ಸೇರಿಸಿದರೆ ಮುಗಿಯಿತು.

ಆದರೆ ಅಷ್ಟಕ್ಕೇ ನಿಲ್ಲಬೇಡಿ. ನೋಟೊ ಹಾಕಿದ ಮೇಲೆ ಸ್ಕ್ರೀನ್‌ಶಾಟ್ ಚೆನ್ನಾಗಿ ಬರುತ್ತದೆ ನಿಜ, ಆದರೆ ಅದು ನೋಟೊದ ಚೆಂದ. ಸದಸ್ಯರ ಫೋನ್‌ನಲ್ಲಿ ಬೇರೆ ಫಾಂಟ್ ಇರಬಹುದು. "ಬೆಟ್ಟೆ" ಅನ್ನೋ ಪದವನ್ನೇ ನೋಡಿ. ಟಕಾರದ ಒತ್ತು ಕೆಳಗೆ ಇಳಿಯುತ್ತದೆ. ಬಟನ್ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿದ್ದರೆ ಒತ್ತಿನ ಕೆಳಭಾಗ ಕತ್ತರಿಸಿ ಹೋಗುತ್ತದೆ. ಓದಲು ಬರುತ್ತೆ, ಆದರೆ ಅಸಹ್ಯ. "ಕ್ವಿಂಟಲ್‌ಗೆ" ಇನ್ನೂ ತಮಾಷೆ. ಲ್ ಆದ ಮೇಲೆ ಗ ಒತ್ತಾಗದೆ ಬಿಡಿಯಾಗಿ ನಿಲ್ಲಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರಬೇಕು. ಡೆವಲಪರ್ ಅದನ್ನು ಹಾಕಿ ಟೈಪ್ ಮಾಡಿರುತ್ತಾರೆ, ಟೆಸ್ಟ್ ಬರೆಯುವ ನೀವು ಹಾಕದೆ ಮಾಡಿರುತ್ತೀರಿ, ಅಥವಾ ಉಲ್ಟಾ. ಎರಡು ಪದ ಹೊಂದುವುದಿಲ್ಲ, ಟೆಸ್ಟ್ ಫೇಲ್. ಇದಕ್ಕೆ ಹೋಲಿಸುವ ಮೊದಲು ಎರಡೂ ಕಡೆಯಿಂದ ಆ ಕಾಣದ ಅಕ್ಷರ ತೆಗೆದುಹಾಕುವ ಒಂದು ಪುಟ್ಟ ಫಂಕ್ಷನ್ ಬರೆದಿಟ್ಟುಕೊಳ್ಳಿ. ಓ ಸ್ವರಕ್ಕೂ ಹಾಗೇ. ಕೊ, ಕೋ ಇವನ್ನು ಯೂನಿಕೋಡ್‌ನಲ್ಲಿ ಒಂದಕ್ಕಿಂತ ಹೆಚ್ಚು ರೀತಿ ಬರೆಯಬಹುದು, ನೋಡಲು ಒಂದೇ. ನಾರ್ಮಲೈಸ್ ಮಾಡಿಯೇ, ಅಂದರೆ ಎರಡನ್ನೂ ಒಂದೇ ರೂಪಕ್ಕೆ ತಂದೇ ಹೋಲಿಸಬೇಕು.

ಅಂಕಿಯನ್ನೂ ಗಮನಿಸಿ. ಕ್ಲೌಡ್‌ನ ಮಶೀನ್, ಫೋನ್ ಎಲ್ಲ ಬಹುತೇಕ ಅಮೆರಿಕದ ಇಂಗ್ಲಿಷ್ ಸೆಟ್ಟಿಂಗ್‌ನಲ್ಲಿ ಇರುತ್ತವೆ. 52,300 ರೂಪಾಯಿ ಎರಡು ಕಡೆಯೂ ಒಂದೇ ಥರ ಕಾಣುತ್ತದೆ. ಲಾಟ್‌ನ ಒಟ್ಟು ಮೊತ್ತ ಲಕ್ಷ ದಾಟಿದಾಗ 1,25,000 ಹೋಗಿ 125,000 ಆಗುತ್ತದೆ. ಟೆಸ್ಟ್ ಡೇಟಾದಲ್ಲಿ ಲಕ್ಷ ದಾಟಿದ ಒಂದು ಲಾಟ್ ಇರಲೇಬೇಕು.

ಈಗ 5 ಗಂಟೆಯ ಟೆಸ್ಟ್. ನಿಮ್ಮ ಡೆವಲಪರ್ ಹೇಳಿದ್ದು ಸರಿಯಲ್ಲ. ಕ್ಲೌಡ್ ಮಶೀನ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ಅಂತರರಾಷ್ಟ್ರೀಯ ಸಮಯದಲ್ಲಿ ಇರುತ್ತದೆ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮಲ್ಲಿ ಬೆಳಗ್ಗೆ 5 ಆದಾಗ ಅಲ್ಲಿ ಹಿಂದಿನ ದಿನದ ರಾತ್ರಿ 11:30. ನಮ್ಮ 5:30ಕ್ಕೆ ಅಲ್ಲಿ ತಾರೀಖು ಬದಲಾಗುತ್ತದೆ. ಅದಕ್ಕೇ 6ಕ್ಕೆ ಪಾಸ್. ಎಲ್ಲೋ ಒಂದು ಕಡೆ ತಾರೀಖನ್ನು ಭಾರತದ ಸಮಯದಲ್ಲಿ ಲೆಕ್ಕ ಹಾಕಿದ್ದೀರಿ, ಇನ್ನೊಂದು ಕಡೆ ಮಶೀನ್ ಗಡಿಯಾರ ಏನು ಹೇಳುತ್ತೋ ಅದನ್ನು ತಗೊಂಡಿದ್ದೀರಿ.

ಇಲ್ಲಿ ಎಲ್ಲರೂ ಮಾಡುವ ಕೆಲಸ ಒಂದಿದೆ. ಟೆಸ್ಟ್ ಮಶೀನ್‌ನ ಟೈಮ್‌ಝೋನ್ ಅನ್ನು ಕೋಲ್ಕತಾಗೆ, ಅಂದರೆ ಭಾರತದ ಸಮಯಕ್ಕೆ ಬದಲಿಸಿ, ಹಸಿರು ಟಿಕ್ ಬಂತು ಅಂತ ಕಾಫಿ ಕುಡಿಯಲು ಹೋಗುವುದು. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಯುಟಿಸಿ ತಗೊಂಡಿರುವುದು ನಿಮ್ಮ ಟೆಸ್ಟ್ ಸ್ಕ್ರಿಪ್ಟೋ, ಸರ್ವರೋ ಅಂತ ನೋಡಿ. ಸರ್ವರ್ ಆಗಿದ್ದರೆ ಬೆಳಗ್ಗೆ 5:30ರ ಮೊದಲು ಲಾಟ್ ನೋಂದಾಯಿಸಿದ ನಿಜವಾದ ಸದಸ್ಯರಿಗೂ ಹಿಂದಿನ ದಿನದ ತಾರೀಖು ಬೀಳುತ್ತಿದೆ ಅಂತ ಅರ್ಥ. ನಾಲ್ಕು ಗಂಟೆಗೇ ಎದ್ದು ಗಾಡಿ ಲೋಡ್ ಮಾಡುವವರು ನಿಮ್ಮ ಸದಸ್ಯರಲ್ಲಿ ಇದ್ದೇ ಇರುತ್ತಾರೆ ಅಲ್ವಾ?

ಖರ್ಚು ಕಮ್ಮಿ

ನನಗನ್ನಿಸೋದು, ಇಷ್ಟೆಲ್ಲ ಯಾಕೆ? ಒಂದು ಸೊಸೈಟಿ, ಒಂದು ಆ್ಯಪ್. ಐದು ಫೋನ್ ಇದೆ, ಕೈಯಲ್ಲೇ ಟೆಸ್ಟ್ ಮಾಡಿ. ತಿಂಗಳಿಗೆ 5,000 ಉಳಿಸಿದರೆ ವರ್ಷಕ್ಕೆ 60,000. ಅದರಲ್ಲಿ ಅಗ್ಗದ ಹೊಸ ಫೋನ್ ಏಳೆಂಟು ಬರುತ್ತೆ. ನಮ್ಮ ಕಂಪನಿಯಲ್ಲಿ ಡಿವೈಸ್ ಫಾರ್ಮ್ (ನಿಜವಾದ ಫೋನ್‌ಗಳನ್ನು ದೂರದಿಂದಲೇ ಬಳಸಲು ಬಾಡಿಗೆಗೆ ಕೊಡುವ ಸೇವೆ) ಚಂದಾ ಕಟ್ಟಿದ್ದರು. ಮೊದಲ ತಿಂಗಳು ಎಲ್ಲರೂ ಹೊಸಾ ಐಫೋನ್ ತೆಗೆದು ತೆಗೆದು ನೋಡಿದರು, ಆಮೇಲೆ ಯಾರೂ ಲಾಗಿನ್ ಆಗಲಿಲ್ಲ. ದುಡ್ಡು ಮಾತ್ರ ಹೋಗ್ತಾ ಇತ್ತು.

ಪೀಣ್ಯ ಬ್ಯಾಕೆಂಡ್

ಖರ್ಚು ಕಮ್ಮಿ ಅವರ ಮಾತು ಅರ್ಧ ಸರಿ. ಚಂದಾ ಕಟ್ಟುವುದು ಬೇಡ, ಉಚಿತವಾಗಿ ಸಿಗುವುದನ್ನು ಬಿಡುವುದೂ ಬೇಡ.

ಆ್ಯಪ್ ಪ್ಲೇ ಸ್ಟೋರ್‌ನಲ್ಲಿ ಇದೆ ಅಲ್ವಾ? ಹಾಗಾದರೆ ನಿಮಗೆ ಈಗಾಗಲೇ ಕ್ಲೌಡ್ ಟೆಸ್ಟಿಂಗ್ ಸಿಗುತ್ತಿದೆ. ಪ್ಲೇ ಕನ್ಸೋಲ್‌ನಲ್ಲಿ ಟೆಸ್ಟಿಂಗ್ ಟ್ರ್ಯಾಕ್‌ಗೆ ಬಿಲ್ಡ್ ಹಾಕಿದರೆ ಗೂಗಲ್‌ನವರು ಅದನ್ನು ತಮ್ಮ ಕೆಲವು ಫೋನ್‌ಗಳಲ್ಲಿ ಓಡಿಸಿ ಪ್ರಿ-ಲಾಂಚ್ ರಿಪೋರ್ಟ್ ಕೊಡುತ್ತಾರೆ. ಕ್ರ್ಯಾಶ್, ಸ್ಕ್ರೀನ್‌ಶಾಟ್ ಎಲ್ಲ ಇರುತ್ತದೆ. ಬಹಳ ಜನ ಆ ಪೇಜ್ ತೆಗೆದೇ ನೋಡಿರುವುದಿಲ್ಲ. ಸಾಲದಿದ್ದರೆ ಗೂಗಲ್‌ನವರದ್ದೇ ಫೈರ್‌ಬೇಸ್ ಟೆಸ್ಟ್ ಲ್ಯಾಬ್. ದುಡ್ಡು ಕಟ್ಟದ ಪ್ಲಾನ್‌ನಲ್ಲೇ ದಿನಕ್ಕೆ ವರ್ಚುವಲ್ ಫೋನ್‌ನಲ್ಲಿ 10, ನಿಜವಾದ ಫೋನ್‌ನಲ್ಲಿ 5 ಟೆಸ್ಟ್ ಓಡಿಸಬಹುದು. ದುಡ್ಡು ಕಟ್ಟುವುದಾದರೆ ವರ್ಚುವಲ್‌ಗೆ ಗಂಟೆಗೆ 1 ಡಾಲರ್, ನಿಜವಾದ ಫೋನ್‌ಗೆ 5 ಡಾಲರ್. ಅಲ್ಲಿ ಭಾಷೆ ಕನ್ನಡ ಅಂತ ಆರಿಸಿಯೂ ಓಡಿಸಬಹುದು. ರೋಬೋ ಟೆಸ್ಟ್ ಅಂತ ಇದೆ, ಸ್ಕ್ರಿಪ್ಟೇ ಬೇಡ, ಅದೇ ಸಿಕ್ಕ ಸಿಕ್ಕ ಬಟನ್ ಒತ್ತುತ್ತಾ ಹೋಗುತ್ತದೆ.

ಒಂದೇ ತೊಡಕು, ಒಟಿಪಿ. ರೋಬೋ ನಿಮ್ಮ ಲಾಗಿನ್ ಪೇಜ್‌ನಲ್ಲೇ ನಿಂತುಬಿಡುತ್ತದೆ. ಆ ಫೋನ್‌ಗಳಲ್ಲಿ ನಿಮ್ಮ ಸಿಮ್ ಇಲ್ಲವಲ್ಲ. ಫೈರ್‌ಬೇಸ್‌ನಲ್ಲೇ ಫೋನ್ ಲಾಗಿನ್ ಮಾಡಿದ್ದರೆ ಹತ್ತು ನಂಬರ್ ತನಕ ಟೆಸ್ಟ್ ನಂಬರ್ ಅಂತ ಬರೆಸಿ, ಅವಕ್ಕೆ ಒಂದು ಕಾಯಂ ಕೋಡ್ ಕೊಡಬಹುದು. ಎಸ್ಸೆಮ್ಮೆಸ್ ಹೋಗುವುದಿಲ್ಲ. ನಿಮ್ಮದೇ ಒಟಿಪಿ ಆದರೆ ಟೆಸ್ಟಿಂಗ್ ಸರ್ವರ್‌ನಲ್ಲಿ ಮಾತ್ರ ಇದೇ ವ್ಯವಸ್ಥೆ ಮಾಡಿಸಿ. "ಮಾತ್ರ" ಅನ್ನೋದನ್ನ ಡೆವಲಪರ್‌ಗೆ ಎರಡು ಸಲ ಹೇಳಿ. ಆ ಕಾಯಂ ಕೋಡ್ ನಿಜವಾದ ಸರ್ವರ್‌ಗೆ ಹೋದರೆ ಕಳ್ಳನ ಕೈಗೆ ಬೀಗದಕೈ ಕೊಟ್ಟಂತೆಯೇ ಸರಿ.

ಎಡಬ್ಲ್ಯುಎಸ್ ಡಿವೈಸ್ ಫಾರ್ಮ್ ಕೂಡ ಇದೆ. ಮೊದಲ 1,000 ನಿಮಿಷ ಉಚಿತ, ಆಮೇಲೆ ನಿಮಿಷಕ್ಕೆ 0.17 ಡಾಲರ್. ಅದು ನಡೆಯುವುದು ಅಮೆರಿಕದ ಒರೆಗಾನ್ ರೀಜನ್‌ನಿಂದ. ನಿಮ್ಮ ಸರ್ವರ್ ಭಾರತದ ಹೊರಗಿನ ಐಪಿಗಳನ್ನು ತಡೆಯುತ್ತಿದ್ದರೆ ಆ್ಯಪ್ ತೆರೆಯುವುದೇ ಇಲ್ಲ, ಸುಮ್ನೆ ಬಗ್ ಅಂತ ಬರೆದು ಕೂರಬೇಡಿ. ಭಾರತದವರೇ ಬೇಕು ಅಂದರೆ ಬ್ರೌಸರ್‌ಸ್ಟ್ಯಾಕ್ ಇದ್ದಾರೆ, 2011ರಲ್ಲಿ ಮುಂಬೈನಲ್ಲಿ ಶುರುವಾದದ್ದು. ಆಫೀಸಿನ ಒಳಗಿನ ಸರ್ವರ್ ಅನ್ನು ಅವರ ಫೋನ್‌ನಿಂದ ತಲುಪಲು ಟನಲ್ ವ್ಯವಸ್ಥೆ ಕೊಡುತ್ತಾರೆ.

ನಿಮ್ಮ ಡ್ರಾಯರ್ ಫೋನ್‌ಗಳ ಕೆಲಸ ಬೇರೆಯೇ. ಡೇಟಾ ಸೆಂಟರ್‌ನಲ್ಲಿರುವ ಫೋನ್‌ಗೆ ಒಳ್ಳೇ ವೈಫೈ, ದಿನವಿಡೀ ಚಾರ್ಜ್. ನೆಟ್‌ವರ್ಕ್ ನಿಧಾನ ಮಾಡುವ ಆಯ್ಕೆ ಅಲ್ಲೂ ಇದೆ, ಆದರೆ ಮಲೆನಾಡಿನ ನೆಟ್‌ವರ್ಕ್ ನಿಧಾನ ಇರುವುದಲ್ಲ, ಬಂದು ಬಂದು ಹೋಗುವುದು. ತಿರುವಿನಲ್ಲಿ ಸಿಗ್ನಲ್ ಬಂತು, ಲಾಟ್ ನೋಂದಣಿ ಬಟನ್ ಒತ್ತಿದರು, ರಿಕ್ವೆಸ್ಟ್ ಹೋಯಿತು, ಉತ್ತರ ಬರುವಷ್ಟರಲ್ಲಿ ಸಿಗ್ನಲ್ ಇಲ್ಲ. ಆ್ಯಪ್ ಮತ್ತೆ ಕಳಿಸುತ್ತದೆ. ಸರ್ವರ್‌ನಲ್ಲಿ ಒಂದೇ ಅಡಿಕೆಗೆ ಎರಡು ಲಾಟ್! ಇದನ್ನು ಹಿಡಿಯಲು ಸಿಮ್ ಹಾಕಿದ ಒಂದು ಹಳೇ ಫೋನ್ ಹಿಡಿದು ತೀರ್ಥಹಳ್ಳಿ ಬಸ್ ಹತ್ತಿದರೆ ಸಾಕು. ನಾನು ಪೇಮೆಂಟ್ ಕಡೆ ಕೆಲಸ ಮಾಡುವವನು. ಯುಪಿಐ ಆ್ಯಪ್‌ಗಳು ಫೋನ್‌ನಲ್ಲಿರುವ ಸಿಮ್‌ನಿಂದಲೇ ಎಸ್ಸೆಮ್ಮೆಸ್ ಕಳಿಸಿ ನೋಂದಣಿ ಮಾಡಿಕೊಳ್ಳುತ್ತವೆ, ಹಾಗಾಗಿ ನಮ್ಮಲ್ಲೂ ಒಂದು ಡ್ರಾಯರ್ ಇದ್ದೇ ಇದೆ.

ಮಲೆನಾಡ್ ಟೆಸ್ಟರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದೊಂದಾಗಿ ಮಾಡುತ್ತಾ ಬಂದೆ.

ಉಬ್ಬಿದ ಫೋನ್ ಹೋಯಿತು. ನೋಟೊ ಹಾಕಿದೆ, ಚೌಕ ಮಾಯ. ಗುಬ್ಬಚ್ಚಿ ಅವರೇ, ಬೆಟ್ಟೆಯ ಒತ್ತು ನಿಜವಾಗಿಯೂ ಕತ್ತರಿಸಿತ್ತು. ಲ್ಯಾಪ್‌ಟಾಪ್‌ನಲ್ಲಿ ಅಲ್ಲ, ಚಾರ್ಜರ್ ಓರೆ ಹಿಡಿಯಬೇಕಾದ ಆ ಫೋನ್‌ನಲ್ಲಿ.

ತಾರೀಖಿನ ವಿಷಯ ನೀವು ಹೇಳಿದಂತೆಯೇ ಆಗಿತ್ತು, ಸರ್ವರ್‌ದೇ ತಪ್ಪು. ಡೇಟಾಬೇಸ್‌ನಲ್ಲಿ 5:30ರ ಒಳಗೆ ಬಂದ ಲಾಟ್‌ಗಳನ್ನು ತೆಗೆದು ನೋಡಿದರೆ ಎಲ್ಲಕ್ಕೂ ಹಿಂದಿನ ದಿನದ ತಾರೀಖು. ಸೊಸೈಟಿಗೆ ಫೋನ್ ಮಾಡಿ ಕೇಳಿದೆ. ಅಲ್ಲಿನ ಗುಮಾಸ್ತರು "ಹೌದಮ್ಮ, ಬೆಳಿಗ್ಗೆ ಬೇಗ ಬಂದ ಗಾಡಿಗಳದ್ದು ಯಾವಾಗ್ಲೂ ಹಾಗೇ, ನಾವು ಪ್ರಿಂಟ್ ತೆಗೆದು ಪೆನ್ನಲ್ಲಿ ತಿದ್ಕೋತೀವಿ" ಅಂದರು! ಯಾರೂ ದೂರು ಕೊಟ್ಟಿರಲಿಲ್ಲ. ಈಗ ಡೆವಲಪರ್ ಸರಿ ಮಾಡುತ್ತಿದ್ದಾರೆ. ಆ ಟೆಸ್ಟನ್ನು ಬೇಕಂತಲೇ 5 ಗಂಟೆಗೇ ಇಟ್ಟಿದ್ದೇನೆ.

ಲೋಡ್ ಕೂಡ ಓಡಿಸಿದೆ, ಕೆ6, ಮುಂಬೈನಲ್ಲಿ ಒಂದೇ ಮಶೀನ್. ಆದರೆ ಹಳೇ ಜೆಮೀಟರ್ ಸರ್, ಒಬ್ಬರಿಗೆ 5 ರಿಕ್ವೆಸ್ಟ್ ಅಂದಿರಲ್ಲ, ಲಾಗ್ ತೆಗೆದು ಎಣಿಸಿದರೆ 11 ಇತ್ತು. ಪ್ರತಿ ಜಾತಿಯ ಅಡಿಕೆಗೂ ಬೇರೆ ಬೇರೆ ರಿಕ್ವೆಸ್ಟ್ ಕಳಿಸುತ್ತಿದ್ದಾರೆ. ಸೆಕೆಂಡಿಗೆ 150 ದಾಟಿದಾಗ ಡೇಟಾಬೇಸ್ ಕನೆಕ್ಷನ್ ಖಾಲಿಯಾಗಿ ನಿಂತಿತು. ಧಾರಣೆ ದಿನಕ್ಕೆ ಒಂದು ಸಲ ಬದಲಾಗುವಂಥದ್ದು, ಅದನ್ನ ಒಂದೇ ಸಲಕ್ಕೆ ತಂದು ಕ್ಯಾಶ್ ಮಾಡಿ (ಇಟ್ಟುಕೊಂಡು ಅದನ್ನೇ ಮತ್ತೆ ಮತ್ತೆ ಕೊಡಿ) ಅಂದಿದ್ದೇನೆ. ಇನ್ನೂ ವಾದ ನಡೀತಿದೆ. ಸರ್ವರ್ ಟಿ3, ಅನ್‌ಲಿಮಿಟೆಡ್ ಮೋಡ್. ಹಾಗಾಗಿ ಕ್ರೆಡಿಟ್ ಕಾರಣ ಅಲ್ಲ.

ಒಂದೇ ಒಂದು ಪ್ರಶ್ನೆ ಉಳಿದಿದೆ. ಕ್ಲೌಡ್‌ನ ಟೆಸ್ಟಿಂಗ್ ಡೇಟಾಬೇಸ್‌ಗೆ ನಿಜವಾದ ಡೇಟಾವನ್ನೇ ಪೂರ್ತಿ ಕಾಪಿ ಮಾಡಿ ಹಾಕಿದ್ದಾರೆ. ಸದಸ್ಯರ ಹೆಸರು, ಮೊಬೈಲ್, ಬ್ಯಾಂಕ್ ಖಾತೆ ಎಲ್ಲ ಇದೆ. ಅದನ್ನ ಹಾಗೇ ಬಿಡಬಹುದಾ? "ಟೆಸ್ಟಿಂಗ್ ಸರ್ವರ್ ತಾನೇ" ಅಂತಾರೆ.

ಹಳೇ ಜೆಮೀಟರ್

11 ಕೇಳಿ ನಗು ಬಂತು, ಆದರೆ ಆಶ್ಚರ್ಯ ಆಗಲಿಲ್ಲ. ಹಾಗಾದರೆ ನಿಮ್ಮ ಲೆಕ್ಕ ಸೆಕೆಂಡಿಗೆ 20 ಗುಣಿಸು 11, ಅಂದರೆ 220. ನಿಮ್ಮ ಸರ್ವರ್ ನಿಲ್ಲುವುದು 150ರಲ್ಲಿ. ಸಂಜೆಯ ಗಿರಗಿರಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ವಾದ ಮಾಡುವವರ ಮುಂದೆ ಈ ಎರಡು ಅಂಕಿ ಇಡಿ.

ಡೇಟಾ ಹಾಗೇ ಬಿಡಬೇಡಿ. ಟೆಸ್ಟಿಂಗ್ ಸರ್ವರ್‌ಗೆ ಪಾಸ್‌ವರ್ಡ್ ಸಡಿಲ, ಎಲ್ಲರಿಗೂ ಗೊತ್ತಿರುತ್ತದೆ, ಹೊಸಬರು ಬಂದಾಗ ವಾಟ್ಸಾಪ್‌ನಲ್ಲಿ ಕಳಿಸಿರುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಸರಿಯಾದ ಭದ್ರತೆ ಇಡದೆ ಡೇಟಾ ಸೋರಿದರೆ 250 ಕೋಟಿ ರೂಪಾಯಿ ತನಕ ದಂಡಕ್ಕೆ ಅವಕಾಶ ಇದೆ. ಟೆಸ್ಟಿಂಗ್ ಸರ್ವರ್ ಅಂತ ರಿಯಾಯಿತಿ ಇಲ್ಲ.

ಹಾಗಂತ ಅದನ್ನೆಲ್ಲ ಅಳಿಸಿ ಇನ್ನೂರು ಸಾಲು ನಕಲಿ ಡೇಟಾ ತುಂಬಬೇಡಿ. ಇನ್ನೂರು ಸಾಲಿನ ಮೇಲೆ ಎಂಥ ಕೆಟ್ಟ ಕ್ವೆರಿಯೂ ಹಾರಾಡುತ್ತದೆ, ಲೋಡ್ ಟೆಸ್ಟ್‌ಗೆ ಬೆಲೆ ಇರುವುದಿಲ್ಲ. ಸಾಲುಗಳ ಸಂಖ್ಯೆ ಅಷ್ಟೇ ಇರಲಿ, ಒಳಗಿನದ್ದನ್ನು ಬದಲಿಸಿ. ಖಾತೆ ನಂಬರ್‌ಗೆ ಅಷ್ಟೇ ಅಂಕಿಗಳ ಬೇರೆ ನಂಬರ್. ಹೆಸರುಗಳ ಬದಲು ನೀವೇ ಕಟ್ಟಿದ ಪಟ್ಟಿ, ಅದರಲ್ಲಿ ಒತ್ತಕ್ಷರದ ಉದ್ದ ಉದ್ದ ಹೆಸರುಗಳು ಇರಲಿ. ಗುಬ್ಬಚ್ಚಿ ಖುಷಿಪಡ್ತಾರೆ. ಮೊಬೈಲ್ ನಂಬರ್ ಮಾತ್ರ ಈಗಲೇ, ಇವತ್ತು ಸಂಜೆಯ ಒಳಗೆ ಬದಲಿಸಿ. ನಕಲಿ ಗೇಟ್‌ವೇ ಎಂದೋ ಒಂದು ದಿನ ಕೈಕೊಟ್ಟರೆ, ಬೆಳಗಿನ ಜಾವ 5 ಗಂಟೆಯ ಆ ಟೆಸ್ಟ್ "ನಿಮ್ಮ ಲಾಟ್ ನೋಂದಣಿಯಾಗಿದೆ" ಅಂತ ನಿಜವಾದ ಸದಸ್ಯರಿಗೇ ಎಸ್ಸೆಮ್ಮೆಸ್ ಕಳಿಸಿಬಿಡುತ್ತದೆ. ಅವರು ಸೊಸೈಟಿಗೆ ಫೋನ್ ಮಾಡ್ತಾರೆ, ಗುಮಾಸ್ತರು ನಿಮಗೆ.